ಹಳೆ ಟೈರಿನ ಅಗ್ಗ, ಮಿಲಿಮೀಟರಿನ ಲೆಕ್ಕ

ಬೇಸಿಗೆ ಏರುತ್ತಿದ್ದಂತೆ ನನಗೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಚಳಿಗಾಲದಲ್ಲಿ ಬ್ಯಾಟರಿ, ಮಳೆಗಾಲದಲ್ಲಿ ವೈಪರ್, ಮಾರ್ಚ್ ದಾಟಿತೆಂದರೆ ಎ.ಸಿ. ಮತ್ತು ಟೈರ್. ಎ.ಸಿ. ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಈ ಸಲ ಟೈರ್ ಮಾತ್ರ. ಬಸ್ ಡಿಪೋದ ಟೈರ್ ವಿಭಾಗದಲ್ಲಿ ದುಡಿದು ನಿವೃತ್ತನಾದವನಿಗೆ ಈ ವಿಷಯ ಸಿಕ್ಕರೆ ಮಾತು ನಿಲ್ಲುವುದಿಲ್ಲ. ಉತ್ತರ ಉದ್ದವಾದರೆ ಸಂಪಾದಕರನ್ನು ಬಿಟ್ಟು ನನ್ನನ್ನು ಬೈಯಿರಿ.

*

ಪ್ರಶ್ನೆ: ನಾನು ಶಿಕ್ಷಕ. ಮನೆ ಕಲಬುರಗಿಯಲ್ಲಿ, ಶಾಲೆ ಚಿತ್ತಾಪುರದಲ್ಲಿ. 2018ರ ಮಾದರಿಯ ಡಿಸೈರ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ದಿನಾಲೂ ಅದರಲ್ಲೇ ಹೋಗಿ ಬರುತ್ತೇನೆ, ಜೊತೆಗೆ ಇನ್ನೂ ಮೂವರು ಶಿಕ್ಷಕರು. ನಾಲ್ಕೂ ಟೈರ್ ಸವೆದಿವೆ. ಹೊಸದಕ್ಕೆ ಒಂದಕ್ಕೆ 4,400 ರೂಪಾಯಿ ಹೇಳುತ್ತಾರೆ. ರಿಂಗ್ ರಸ್ತೆಯ ಅಂಗಡಿಯೊಂದರಲ್ಲಿ ‘ತೊಂಬತ್ತು ಪರ್ಸೆಂಟ್ ಗ್ರಿಪ್ ಇದೆ’ ಎಂದು ಹಳೆ ಟೈರನ್ನು 1,600ಕ್ಕೆ ಕೊಡುತ್ತೇವೆ ಎನ್ನುತ್ತಾರೆ. ನಾಲ್ಕಕ್ಕೆ 11,200 ರೂಪಾಯಿ ಉಳಿಯುತ್ತದೆ. ಮಗಳ ಕಾಲೇಜು ಶುಲ್ಕ ಕಟ್ಟುವ ಹೊತ್ತು ಬೇರೆ. ನಮ್ಮ ಭಾವನವರು ಹಳೆಯದನ್ನೇ ಹಾಕಿಸು ಎನ್ನುತ್ತಿದ್ದಾರೆ. ತಮ್ಮ ಸಲಹೆ ಏನು?

ಉತ್ತರ: ಮಾಸ್ತರರೇ, ಮೊದಲು ಆ ತೊಂಬತ್ತು ಪರ್ಸೆಂಟನ್ನು ಪಕ್ಕಕ್ಕಿಡಿ. ಟೈರ್ ಅಂಗಡಿಯಲ್ಲಿ ತೊಂಬತ್ತು ಎಂಬುದು ಅಳತೆಯಲ್ಲ, ಆಶೀರ್ವಾದ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಬೆಂಕಿಕಡ್ಡಿ, ಒಂದು ಸ್ಕೇಲು ಇಟ್ಟುಕೊಳ್ಳಿ. ಟೈರಿನ ನಡುವಿನ ಗೀರಿನೊಳಗೆ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ಮೇಲ್ಮಟ್ಟಕ್ಕೆ ಉಗುರು ಒತ್ತಿ, ಹೊರತೆಗೆದು ಸ್ಕೇಲಿನ ಮೇಲಿಡಿ. ಒಳ ಅಂಚು, ನಡು, ಹೊರ ಅಂಚು, ಹೀಗೆ ಮೂರು ಕಡೆ ಅಳೆಯಿರಿ. ಕಾರಿನ ಹೊಸ ಟೈರಿನಲ್ಲಿ ಈ ಆಳ ಸುಮಾರು ಎಂಟು ಮಿಲಿಮೀಟರ್ ಇರುತ್ತದೆ. ನೀವು ನೋಡಲಿರುವ ಟೈರಿನಲ್ಲಿ ನಾಲ್ಕು ಸಿಕ್ಕೀತು, ಅದೃಷ್ಟವಿದ್ದರೆ ಐದು.

ಈಗ ಲೆಕ್ಕ ಮಾಡೋಣ. ಕಾರಿನ ಟೈರಿನ ಗೀರಿನ ಆಳ ಸವೆದು 1.6 ಮಿ.ಮೀ.ಗಿಂತ ಕೆಳಗಿಳಿಯಬಾರದು ಎಂದು ನಿಯಮವಿದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ, ಅವು ಅದೇ ಎತ್ತರಕ್ಕೆ ಇರುತ್ತವೆ. ಗ್ರಿಪ್ ಸವೆದು ಆ ದಿಣ್ಣೆಗೆ ಸಮವಾದರೆ ಟೈರಿನ ಆಯುಷ್ಯ ಮುಗಿಯಿತು. ಅಂದರೆ ಹೊಸ ಟೈರಿನಲ್ಲಿ ನಿಮಗೆ ಸಿಗುವುದು 6.4 ಮಿ.ಮೀ., ನಾಲ್ಕು ಮಿ.ಮೀ. ಇರುವ ಹಳೆ ಟೈರಿನಲ್ಲಿ 2.4 ಮಿ.ಮೀ. ಹಾಕಿಸುವುದಕ್ಕೂ ಬ್ಯಾಲೆನ್ಸಿಂಗಿಗೂ ಸೇರಿ ಒಂದು ಗಾಲಿಗೆ 150 ರೂಪಾಯಿ ಹಿಡಿಯಿರಿ. ಹೊಸದು 4,550 ಭಾಗಿಸು 6.4, ಒಂದು ಮಿಲಿಮೀಟರಿಗೆ ಸುಮಾರು 711 ರೂಪಾಯಿ. ಹಳೆಯದು 1,750 ಭಾಗಿಸು 2.4, ಸುಮಾರು 729. ನಿಮ್ಮ ಹನ್ನೊಂದು ಸಾವಿರದ ಉಳಿತಾಯ ಎಲ್ಲಿಗೆ ಹೋಯಿತು ನೋಡಿ. ನೀವು ಟೈರನ್ನು ಅಗ್ಗಕ್ಕೆ ಕೊಳ್ಳಲಿಲ್ಲ, ಕಡಿಮೆ ರಬ್ಬರನ್ನು ಕಡಿಮೆ ದುಡ್ಡಿಗೆ ಕೊಂಡಿರಿ, ಅಷ್ಟೇ.

ನಿಮ್ಮ ಭಾವನವರಿಗೆ ಅನ್ಯಾಯವಾಗಬಾರದು, ಆದ್ದರಿಂದ ಐದು ಮಿ.ಮೀ.ನ ಲೆಕ್ಕವನ್ನೂ ಹೇಳುತ್ತೇನೆ. ಆಗ ಮಿಲಿಮೀಟರಿಗೆ 515 ಬೀಳುತ್ತದೆ, ಹಳೆಯದೇ ಗೆಲ್ಲುತ್ತದೆ. ಆದರೆ ಅದು ಒಣ ರಸ್ತೆಯ ಲೆಕ್ಕ. ಗೀರುಗಳಿರುವುದು ಚೆಂದಕ್ಕಲ್ಲ, ರಸ್ತೆಗೂ ರಬ್ಬರಿಗೂ ನಡುವೆ ಸಿಕ್ಕಿಕೊಳ್ಳುವ ನೀರನ್ನು ಹೊರಗೆ ಹರಿಸುವುದಕ್ಕೆ. ಆಳ ಮೂರು ಮಿ.ಮೀ.ಗಿಂತ ಕೆಳಗಿಳಿದರೆ ಆ ಶಕ್ತಿ ಬೇಗ ಕುಸಿಯುತ್ತದೆ. ಜೋರು ಮಳೆಯಲ್ಲಿ ವೇಗವಾಗಿ ಹೋಗುವಾಗ ಗಾಲಿ ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಒತ್ತಿದರೂ ಸ್ಟೀರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ನಮ್ಮ ಕಡೆ ಇನ್ನೊಂದು ಸಂಕಟವಿದೆ. ಜೂನ್‌ನಲ್ಲಿ ತೊಗರಿ ಬಿತ್ತನೆ ಶುರುವಾದರೆ ಹೊಲದಿಂದ ಬರುವ ಟ್ರ್ಯಾಕ್ಟರ್‌ಗಳು ಎರೆಮಣ್ಣನ್ನು ಡಾಂಬರಿನ ಮೇಲೆ ಬಳಿದುಕೊಂಡೇ ಹೋಗುತ್ತವೆ. ನಾಲ್ಕು ಹನಿ ಬಿದ್ದರೆ ಸಾಕು, ಅಲ್ಲಿ ನಡೆದುಕೊಂಡು ಹೋಗುವವರೇ ಜಾರುತ್ತಾರೆ. ನಾಲ್ವರನ್ನು ಕೂರಿಸಿಕೊಂಡು ಆ ರಸ್ತೆಯಲ್ಲಿ ಹೋಗುವ ನೀವು ಟೈರನ್ನು ಮೂರು ಮಿ.ಮೀ.ಗೇ ಬಿಚ್ಚಬೇಕು. ಹಾಗೆ ಬಿಚ್ಚುವುದಾದರೆ ಹೊಸದಕ್ಕೆ ಮಿಲಿಮೀಟರಿಗೆ 910, ಐದು ಮಿ.ಮೀ.ನ ಹಳೆಯದಕ್ಕೆ 875, ನಾಲ್ಕು ಮಿ.ಮೀ.ನದಕ್ಕೆ 1,750! ಈ ಸಾಲನ್ನು ಭಾವನವರಿಗೆ ಗಟ್ಟಿಯಾಗಿ ಓದಿ ಹೇಳಿ.

ಇನ್ನು ಅಂಗಡಿಯಲ್ಲಿ ಕೇಳಬೇಕಾದ ಒಂದೇ ಒಂದು ಪ್ರಶ್ನೆ: ಇಷ್ಟು ಚೆನ್ನಾಗಿರುವ ಟೈರನ್ನು ಅದರ ಯಜಮಾನ ಏಕೆ ಬಿಚ್ಚಿಸಿದ? ಇದಕ್ಕೆ ಒಳ್ಳೆಯ ಉತ್ತರ ಒಂದೇ ಇದೆ. ಹೊಸ ಕಾರು ಕೊಂಡವರಲ್ಲಿ ಕೆಲವರು ಮೊದಲ ವಾರವೇ ದೊಡ್ಡ ಅಲಾಯ್ ಗಾಲಿ, ಅಗಲವಾದ ಟೈರ್ ಹಾಕಿಸಿಕೊಂಡು ಕಂಪನಿ ಕೊಟ್ಟಿದ್ದನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತಾರೆ. ಅಂಥ ಟೈರ್ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನಾಲ್ಕೂ ಒಂದೇ ಕಂಪನಿಯವು, ಒಂದೇ ಮಾದರಿಯವು, ಒಂದೇ ತಿಂಗಳ ಆಸುಪಾಸಿನವು, ಮೇಲ್ಮೈಯ ಸಣ್ಣ ರಬ್ಬರ್ ಕೂದಲುಗಳು ಇನ್ನೂ ಉದುರಿರುವುದಿಲ್ಲ. ಆದರೆ ಅವನ್ನು ಯಾರೂ 1,600ಕ್ಕೆ ಕೊಡುವುದಿಲ್ಲ. ಉಳಿದ ಉತ್ತರಗಳೆಲ್ಲ ಕೆಟ್ಟವೇ. ಒಂದೋ ಗುಂಡಿಗೆ ಬಿದ್ದು ಪಕ್ಕದ ಗೋಡೆ ಉಬ್ಬಿದೆ, ಅಥವಾ ಅಪಘಾತವಾದ ಕಾರಿನಿಂದ ಬಂದಿದೆ, ಅಥವಾ ಕಾರು ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ನಿಂತ ಕಾರಿನ ಟೈರಿನಲ್ಲಿ ಗ್ರಿಪ್ ಪೂರ್ತಿ ಇರುತ್ತದೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ, ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ, ಅಂದರೆ ಜೂನ್ ಆರಂಭ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ವರ್ಷವಾದರೆ ಹೇಗಿದ್ದರೂ ಎಸೆಯಿರಿ ಎಂದು ಹಲವು ಟೈರ್ ಕಂಪನಿಗಳೇ ಹೇಳುತ್ತವೆ. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ಕಂಪನಿಗಳೂ ಇವೆ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನ್ ಮೂರೂ ರಬ್ಬರನ್ನು ಗಟ್ಟಿಯಾಗಿಸಿ ಬಿರುಕು ಬಿಡಿಸುತ್ತವೆ, ಶಾಖ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ. ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವ ಊರಿನಲ್ಲಿ ಕುಳಿತು ಹತ್ತು ವರ್ಷದ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಗೆರೆ ಆರು. ಹಳೆಯದನ್ನು ಕೊಳ್ಳುವಾಗ ಮೂರಕ್ಕಿಂತ ಹೆಚ್ಚಾಗಿದ್ದರೆ ಮುಟ್ಟಬೇಡಿ.

ಹಳೆ ಟೈರಿಗೆ ಕರಿ ಪಾಲಿಷ್ ಬಳಿದು ಸಾಲಾಗಿ ನಿಲ್ಲಿಸುವುದು ಈ ವ್ಯಾಪಾರದ ವಾಡಿಕೆ. ಆ ಹೊಳಪು ಕಂಡರೆ ನನಗೆ ಮೈ ಉರಿಯುತ್ತದೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಗೇಣಿನಷ್ಟು ಜಾಗವನ್ನು ಒರೆಸಿ, ಅಲ್ಲಿ ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿ ಅಗಲಿಸಿ ನೋಡಿ. ಗೀರಿನ ತಳದಲ್ಲಿ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತವೆ.

ಪಾಲಿಷ್‌ಗಿಂತ ದೊಡ್ಡ ಕುತಂತ್ರ ಕಟಿಂಗ್. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆಯುತ್ತಾರೆ. ಲಾರಿಯ ಕೆಲವು ಟೈರ್‌ಗಳನ್ನು ಹೀಗೆ ಕೊರೆಯಲೆಂದೇ ತಳದಲ್ಲಿ ಹೆಚ್ಚು ರಬ್ಬರ್ ಕೊಟ್ಟು ತಯಾರಿಸಿ, ಪಕ್ಕದಲ್ಲಿ ಹಾಗೆಂದು ಅಚ್ಚು ಹಾಕಿರುತ್ತಾರೆ. ಕಾರಿನ ಟೈರಿನಲ್ಲಿ ಆ ಹೆಚ್ಚುವರಿ ರಬ್ಬರ್ ಇರುವುದಿಲ್ಲ, ಬ್ಲೇಡು ಒಳಗಿನ ಉಕ್ಕಿನ ತಂತಿಯ ಹತ್ತಿರಕ್ಕೇ ಹೋಗುತ್ತದೆ. ಗುರುತಿಸುವುದು ಕಷ್ಟವಲ್ಲ. ನಾನು ಹೇಳಿದ ಆ ಅಡ್ಡ ದಿಣ್ಣೆಗಳೇ ಮಾಯವಾಗಿರುತ್ತವೆ, ಗೀರಿನ ಗೋಡೆ ಒರಟಾಗಿ, ಒಂದೆಡೆ ಆಳ ಒಂದೆಡೆ ತೆಳು ಇರುತ್ತದೆ. ಅಚ್ಚಿನಿಂದ ಬಂದ ಗೀರು ಅಂಕುಡೊಂಕಾಗುವುದಿಲ್ಲ.

ಕೊನೆಯದಾಗಿ, ಟೈರನ್ನು ರಿಮ್‌ನಿಂದ ಬಿಚ್ಚಿಸಿ ಒಳಗೆ ನೋಡದೆ ದುಡ್ಡು ಕೊಡಬೇಡಿ. ಒಳಗೆ ಕೈ ಹಾಕಿ ಅಂಚಿನ ಸುತ್ತ ಬೆರಳು ಆಡಿಸಿ. ಬೆರಳಿಗೆ ಕರಿಪುಡಿ ಹತ್ತಿದರೆ ಅಥವಾ ಸುತ್ತಲೂ ಉಜ್ಜಿದ ಪಟ್ಟೆ ಕಂಡರೆ, ಆ ಟೈರನ್ನು ಹವಾ ಇಲ್ಲದೆ ಸಾಕಷ್ಟು ದೂರ ಓಡಿಸಿದ್ದಾರೆ ಎಂದರ್ಥ. ಗೋಡೆಯ ಎಳೆಗಳು ಒಳಗೇ ನುಜ್ಜುಗುಜ್ಜಾಗಿರುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅದೇ ಟೈರ್ ಮುಂದೊಂದು ದಿನ ತುಂಬಿದ ಕಾರಿನಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಸಿಡಿಯುವುದು. ಪಂಕ್ಚರ್‌ಗಳನ್ನೂ ಒಳಗಿನಿಂದಲೇ ಎಣಿಸಿ. ರಸ್ತೆಗೆ ತಾಗುವ ಭಾಗದಲ್ಲಿ ಒಂದೋ ಎರಡೋ ಇದ್ದು, ಒಳಗಿನಿಂದ ಪ್ಯಾಚ್ ಹಾಕಿದ್ದರೆ ಚಿಂತೆಯಿಲ್ಲ. ಪಕ್ಕದ ಗೋಡೆಯಲ್ಲಿ ಒಂದೇ ಪಂಕ್ಚರ್ ಇದ್ದರೂ ಬೇಡ. ಶಹಾಬಾದ್, ವಾಡಿ ಕಡೆಯ ರಸ್ತೆಯಲ್ಲಿ ಕಲ್ಲಿನ ಲಾರಿಗಳಿಂದ ಉದುರಿದ ಚೂಪು ಚೂರುಗಳು ಗೋಡೆಯನ್ನೇ ಸೀಳುತ್ತವೆ ಎಂಬುದು ನಿಮಗೆ ಗೊತ್ತೇ ಇದೆ.

ನನ್ನ ತೀರ್ಪು ಹೊಸದರ ಕಡೆಗೆ. ಆದರೆ ನಾಲ್ಕನ್ನೂ ಒಟ್ಟಿಗೆ ಕೊಳ್ಳಲೇಬೇಕೆಂದಿಲ್ಲ. ಡಿಸೈರ್‌ನಲ್ಲಿ ಇಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನು, ಆದ್ದರಿಂದ ಮುಂದಿನ ಎರಡು ಬೇಗ ಸವೆಯುತ್ತವೆ. ಬೆಂಕಿಕಡ್ಡಿಯನ್ನು ಮೊದಲು ನಿಮ್ಮದೇ ಕಾರಿಗೆ ಇಳಿಸಿ. ಹಿಂದಿನವು ಮೂರು ಮಿ.ಮೀ.ಗಿಂತ ಮೇಲಿದ್ದು, ವಯಸ್ಸೂ ಆಗಿರದಿದ್ದರೆ ಈಗ ಎರಡು ಹೊಸದು ಕೊಳ್ಳಿ, ಉಳಿದೆರಡನ್ನು ಮಳೆಗಾಲಕ್ಕೆ ಮುಂಚೆ. ಎಲ್ಲಿ ಹಾಕಿಸಬೇಕು ಎಂಬುದನ್ನು ಕೆಳಗೆ ಬೀದರ್‌ನವರಿಗೆ ಹೇಳಿದ್ದೇನೆ. ಒಂದೇ ಅಂಚು ಸವೆದಿದ್ದರೆ ಹೊಸದು ಹಾಕಿಸುವ ಮುನ್ನ ಅಲೈನ್‌ಮೆಂಟ್ ಸರಿಪಡಿಸಿ, ಇಲ್ಲವಾದರೆ ಹೊಸದೂ ಹಾಗೆಯೇ ಸವೆಯುತ್ತದೆ. ನಿಮ್ಮ ಕಾರಿನ ಅಳತೆ 165/80 ಆರ್14 ಇದ್ದೀತು. ಅದರ ಪಕ್ಕದಲ್ಲಿ 85 ಎಂದಿದ್ದರೆ ಒಂದು ಟೈರ್ 515 ಕಿಲೋ ಹೊರುತ್ತದೆ, 82 ಎಂದಿದ್ದರೆ 475 ಕಿಲೋ ಮಾತ್ರ. ನಾಲ್ವರು ಶಿಕ್ಷಕರನ್ನು ಕೂರಿಸಿಕೊಳ್ಳುವವರು ಕಂಪನಿ ಕೊಟ್ಟ ಸಂಖ್ಯೆಗಿಂತ ಕೆಳಗಿಳಿಯಬಾರದು. ಐಎಸ್ಐ ಗುರುತಿದೆಯೇ ನೋಡಿ, ಬಿಲ್ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿದರೆ ಅಷ್ಟನ್ನಾದರೂ ಕೇಳಿ.

*

ಪ್ರಶ್ನೆ: ಶಹಾಪುರದ ಹತ್ತಿರ ನಮ್ಮ ಹಳ್ಳಿ. ಹಳೆಯದೊಂದು ಆಲ್ಟೊ ಇದೆ. ವಾರಕ್ಕೊಮ್ಮೆ ಸಂತೆಗೆ, ಆಗೊಮ್ಮೆ ಈಗೊಮ್ಮೆ ಆಸ್ಪತ್ರೆಗೆ, ಹುಣ್ಣಿಮೆಗೆ ದೇವರಿಗೆ. ಇಷ್ಟು ಕಡಿಮೆ ಓಡುವ ಗಾಡಿಗೆ ಹೊಸ ಟೈರ್ ದಂಡವಲ್ಲವೇ?

ಉತ್ತರ: ದಂಡವೆಂದೇ ಎಲ್ಲರೂ ಹೇಳುತ್ತಾರೆ, ಲೆಕ್ಕ ಬೇರೆ ಹೇಳುತ್ತದೆ. ದಿನಾ ಓಡುವ ಗಾಡಿಯ ಟೈರ್ ಸವೆದು ಸಾಯುತ್ತದೆ, ನಿಮ್ಮಂಥವರ ಟೈರ್ ವಯಸ್ಸಾಗಿ ಸಾಯುತ್ತದೆ. ನಾಲ್ಕು ವರ್ಷ ಹಳೆಯ ಟೈರ್ ಕೊಂಡರೆ ನಿಮಗೆ ಉಳಿಯುವುದು ಎರಡು ವರ್ಷ, ಹೊಸದು ಕೊಂಡರೆ ಆರು. ಬೆಲೆಯನ್ನು ಮಿಲಿಮೀಟರಿನಿಂದ ಭಾಗಿಸುವ ಬದಲು ನೀವು ವರ್ಷದಿಂದ ಭಾಗಿಸಿ. ಹಳೆಯದು ಹೊಸದರ ಮೂರನೇ ಒಂದು ಬೆಲೆಗೆ ಸಿಕ್ಕರೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಮೇಲೆ ಎರಡು ವರ್ಷಕ್ಕೊಮ್ಮೆ ಅಂಗಡಿ ಅಲೆಯುವ ಕೆಲಸ.

ಆದರೂ ಮಾಸ್ತರರಿಗೆ ಹೇಳಿದಷ್ಟು ಖಡಾಖಂಡಿತವಾಗಿ ನಿಮಗೆ ಬೇಡ ಎನ್ನಲಾರೆ. ಊರಿನ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ವೇಗದಲ್ಲಿ ಸಂತೆಗೆ ಹೋಗಿ ಬರುವ ಗಾಡಿಯ ಟೈರಿಗೆ ಬಿಸಿಯಾಗುವ ಅವಕಾಶವೇ ಕಡಿಮೆ. ಈ ವರ್ಷ ಕೈ ಬಿಗಿ ಇದ್ದರೆ ಎರಡು ವರ್ಷದೊಳಗಿನ ದಿನಾಂಕದ, ಒಳಗೆ ಸ್ವಚ್ಛವಾಗಿರುವ ಜೋಡಿ ಟೈರ್ ಹುಡುಕಿ ಹಾಕಿಸಿ, ತೊಗರಿ ಮಾರಿದ ಮೇಲೆ ಹೊಸದು ನೋಡಿಕೊಳ್ಳಿ. ಅದೇ ಟೈರಿನಲ್ಲಿ ಮಗನನ್ನು ಬೆಂಗಳೂರಿಗೆ ಬಿಟ್ಟು ಬರುವ ವಿಚಾರ ಮಾತ್ರ ಬೇಡ. ನಿಲ್ಲಿಸುವಾಗ ನೆರಳಿನಲ್ಲಿ ನಿಲ್ಲಿಸಿ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಬಿಡದೆ ವಾರಕ್ಕೊಮ್ಮೆ ನಾಲ್ಕು ಹೆಜ್ಜೆಯಾದರೂ ಹಿಂದೆ ಮುಂದೆ ಮಾಡಿ. ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಕೂತರೆ ಆಮೇಲೆ ಓಡಿಸುವಾಗ ಸ್ಟೀರಿಂಗ್ ನಡುಗುತ್ತದೆ.

*

ಪ್ರಶ್ನೆ: ನಾನು ಬೀದರ್‌ನಲ್ಲಿ ಬ್ಯಾಂಕ್ ಉದ್ಯೋಗಿ. ಕಾರಿಗೆ ಎರಡು ಹೊಸ ಟೈರ್ ಕೊಂಡೆ. ಅಂಗಡಿಯವರು ಮುಂದಕ್ಕೆ ಹಾಕಿದರು. ಇಂಜಿನ್, ಸ್ಟೀರಿಂಗ್ ಎಲ್ಲ ಮುಂದೆಯೇ ಇವೆ, ಹೊಸದೂ ಅಲ್ಲೇ ಇರಬೇಕು ಎಂದರು. ನಮ್ಮ ಮಾವನವರು ಹಿಂದಕ್ಕೆ ಹಾಕಿಸಮ್ಮ ಎಂದು ಹಟ ಹಿಡಿದಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮಾವನವರ ಮಾತು ಕೇಳಿ. ಈ ವಿಷಯದಲ್ಲಿ ಟೈರ್ ಕಂಪನಿಗಳ ಸಲಹೆಯೂ ಅದೇ.

ಅಂಗಡಿಯವರ ತರ್ಕ ಕೇಳಲು ಚೆನ್ನಾಗಿದೆ, ಆದರೆ ಮಳೆಯಲ್ಲಿ ನಡೆಯುವುದೇ ಬೇರೆ. ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಸ್ಟೀರಿಂಗ್ ಹಗುರವಾಗುತ್ತದೆ, ಕಾರು ತಿರುಗುವ ಬದಲು ನೇರಕ್ಕೆ ಎಳೆಯುತ್ತದೆ. ನಿಮಗೆ ಅದು ಕೂಡಲೇ ಗೊತ್ತಾಗುತ್ತದೆ, ತನ್ನಷ್ಟಕ್ಕೆ ತಾನೇ ಆಕ್ಸಿಲರೇಟರ್‌ನಿಂದ ಕಾಲು ಬರುತ್ತದೆ, ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಗಾಲಿ ಜಾರಿದರೆ ಕಾರಿನ ಬಾಲವೇ ಮುಂದಕ್ಕೆ ಬರಲು ನೋಡುತ್ತದೆ. ಗಾಬರಿಯಲ್ಲಿ ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬಿದ್ದು ಹಿಂಭಾಗ ಇನ್ನಷ್ಟು ಹಗುರವಾಗುತ್ತದೆ, ಕಾರು ಗಿರಕಿ ಹೊಡೆಯುತ್ತದೆ. ಅದನ್ನು ಸಂಭಾಳಿಸುವುದು ರೇಸ್ ಓಡಿಸುವವರ ಕೆಲಸ, ಹುಮನಾಬಾದ್ ಕಡೆಯಿಂದ ಸಂಜೆ ಮನೆಗೆ ಮರಳುವವರದಲ್ಲ.

ಹೊಸದೆರಡು ಹಿಂದೆ, ಉಳಿದ ಒಳ್ಳೆಯ ಜೋಡಿ ಮುಂದೆ. ಮುಂದಿನವು ಬೇಗ ಸವೆಯುವುದರಿಂದ ಅವನ್ನು ಮೊದಲು ಎಸೆಯುತ್ತೀರಿ, ಆಗ ಹಿಂದಿನವು ಮುಂದಕ್ಕೆ ಬರುತ್ತವೆ, ಮತ್ತೆ ಹೊಸದು ಹಿಂದಕ್ಕೆ. ಒಂದೇ ಆಕ್ಸಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಟೈರ್ ಹಾಕಿಸಬೇಡಿ. ಅಂದ ಹಾಗೆ, ನಿಮ್ಮ ಮಾವನವರು ಯಾವ ವೃತ್ತಿಯಲ್ಲಿದ್ದವರು ಎಂದು ಬರೆದಿಲ್ಲ. ಚಾಲಕರಾಗಿದ್ದಿರಬೇಕು ಎಂದು ನನ್ನ ಊಹೆ.

*

ಪ್ರಶ್ನೆ: ಹುಮನಾಬಾದಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಹೈದರಾಬಾದ್, ಸೊಲ್ಲಾಪುರ ಬಾಡಿಗೆಯೇ ಹೆಚ್ಚು. ಬಸ್ಸಿಗೂ ಲಾರಿಗೂ ರಿಟ್ರೆಡ್ ಟೈರ್ ಹಾಕುತ್ತಾರೆ. ಕಾರಿಗೆ ಏಕೆ ಹಾಕಬಾರದು?

ಉತ್ತರ: ರಿಟ್ರೆಡ್ ಎಂದರೆ ಕೀಳು ಎಂಬ ಭಾವನೆ ನನಗಿಲ್ಲ, ಅದರಲ್ಲೇ ಅನ್ನ ಉಂಡವನು ನಾನು. ವಿಮಾನದ ಟೈರ್‌ಗಳನ್ನೂ ರಿಟ್ರೆಡ್ ಮಾಡುತ್ತಾರೆ. ಆದರೆ ಅಲ್ಲಿ ನಡೆಯುವ ಕೆಲಸ ನೋಡಬೇಕು. ಬಸ್ಸಿನ ಟೈರ್ ಬಿಚ್ಚಿದ ಕೂಡಲೇ ಅದರ ಒಡಲನ್ನು ಒಳಗೂ ಹೊರಗೂ ಪರೀಕ್ಷಿಸುತ್ತಾರೆ. ಸರಿಯಿದ್ದರೆ ಮಾತ್ರ ಸವೆದ ಮೇಲ್ಮೈಯನ್ನು ಉಜ್ಜಿ ತೆಗೆದು, ಹೊಸ ರಬ್ಬರ್ ಪಟ್ಟಿ ಸುತ್ತಿ, ಶಾಖ ಮತ್ತು ಒತ್ತಡದಲ್ಲಿ ಬೇಯಿಸಿ ಕೂಡಿಸುತ್ತಾರೆ. ಹಾಗೆ ಮಾಡಿದ್ದನ್ನೂ ಹಿಂದಿನ ಗಾಲಿಗಳಿಗೆ ಹಾಕುತ್ತಾರೆಯೇ ಹೊರತು ಸ್ಟೀರಿಂಗ್ ಇರುವ ಮುಂದಿನ ಗಾಲಿಗಲ್ಲ. ಬಸ್ ಟೈರಿನ ಒಡಲು ಮತ್ತೆ ಮತ್ತೆ ಬಳಸುವಷ್ಟು ಗಟ್ಟಿ, ಅದರ ಬೆಲೆಯೂ ಅಷ್ಟಿದೆ, ಆದ್ದರಿಂದ ಖರ್ಚು ಗಿಟ್ಟುತ್ತದೆ. ಮೈಸೂರಿನ ವಿಕ್ರಾಂತ್ ಟೈರ್‌ಗಳ ಕಾಲದಿಂದ ನಾನು ನೋಡಿದ್ದೇ ಇದು. ವಿಕ್ರಾಂತ್ ಈಗ ಜೆ.ಕೆ. ಕಂಪನಿಯದಾಗಿದೆ, ಆದರೂ ಹೆಸರು ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ.

ಕಾರಿನ ಟೈರಿನ ಗೋಡೆ ತೆಳು, ವೇಗ ಹೆಚ್ಚು, ಹೊಸದರ ಬೆಲೆ ಕಡಿಮೆ. ಒಳ್ಳೆಯ ಕಾರ್ಖಾನೆಯವರು ಆ ಕೆಲಸಕ್ಕೆ ಕೈ ಹಾಕುವುದಿಲ್ಲ, ಕೈ ಹಾಕುವವರ ಹತ್ತಿರ ಪರೀಕ್ಷಿಸುವ ಸಲಕರಣೆ ಇರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ನೂರರ ವೇಗದಲ್ಲಿ ಜನರನ್ನು ಕೂರಿಸಿಕೊಂಡು ಹೋಗುವ ನಿಮಗೆ ಅದು ಬೇಡ. ಹೆದ್ದಾರಿ ಬದಿಯಲ್ಲಿ ಬಿದ್ದಿರುವ ಉದ್ದುದ್ದ ರಬ್ಬರ್ ಪಟ್ಟೆಗಳನ್ನು ಕಂಡು ಎಲ್ಲರೂ ರಿಟ್ರೆಡ್ಡನ್ನು ಬೈಯುತ್ತಾರೆ. ಹೊಸ ಟೈರೂ ಹಾಗೆ ಕಳಚಿಕೊಳ್ಳುತ್ತದೆ. ಹವಾ ಕಡಿಮೆ, ಭಾರ ಹೆಚ್ಚು ಇದ್ದರೆ ಗೋಡೆ ಬಳುಕಿ ಬಳುಕಿ ಒಳಗೆ ಬೆಂಕಿಯಂಥ ಶಾಖ ಹುಟ್ಟುತ್ತದೆ, ಅದಕ್ಕೆ ಹಳತು ಹೊಸತೆಂಬ ಭೇದವಿಲ್ಲ. ನೀವು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿದ್ದಾಗ, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಹವಾ ಹಾಕಿಸಿ. ಮಧ್ಯಾಹ್ನ ಅದೇ ಟೈರ್ ನಾಲ್ಕೈದು ಪಾಯಿಂಟ್ ಹೆಚ್ಚು ತೋರಿಸಿದರೆ ಅದು ಸಹಜ. ಬಿಸಿ ಟೈರಿನಿಂದ ಹವಾ ಬಿಡಿಸಬೇಡಿ, ಬಿಡಿಸಿದರೆ ತಣ್ಣಗಾದಾಗ ಕಡಿಮೆ ಬೀಳುತ್ತದೆ.

*

ಪ್ರಶ್ನೆ: ನನ್ನ 2015ರ ಕಾರಿನ ಸ್ಟೆಪ್ನಿಯನ್ನು ಒಮ್ಮೆಯೂ ಬಳಸಿಲ್ಲ, ಹೊಸದರಂತೆಯೇ ಇದೆ. ಸವೆದ ಟೈರಿನ ಜಾಗಕ್ಕೆ ಅದನ್ನೇ ಹಾಕಬಹುದೇ? (ಸೇಡಂ)

ಉತ್ತರ: ಬೇಡ. ಡಿಕ್ಕಿಯೊಳಗಿದ್ದುದರಿಂದ ಬಿಸಿಲು ತಾಗಿಲ್ಲ ನಿಜ, ಆದರೆ ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನೊಳಗಿನ ಸೇಡಂ ಬೇಸಿಗೆಯನ್ನು ಅದು ಪ್ರತಿ ವರ್ಷವೂ ಕಂಡಿದೆ. ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಲಿಕ್ಕೂ ಅಷ್ಟು ಹಳೆಯದನ್ನು ನಾನು ನಂಬುವುದಿಲ್ಲ. ಈ ಸಲ ಟೈರ್ ಬದಲಿಸುವಾಗ ಬಿಚ್ಚಿದ್ದರಲ್ಲಿ ವಯಸ್ಸು ಕಡಿಮೆ ಇರುವ, ಒಳ್ಳೆಯದೊಂದನ್ನು ಸ್ಟೆಪ್ನಿಗೆ ಹಾಕಿಸಿ. ಅಲ್ಲಿರುವ ಹವಾವನ್ನೂ ನೋಡಿಸಿ. ಹೆಚ್ಚಿನ ಸ್ಟೆಪ್ನಿಗಳು ಬೇಕಾದ ದಿನವೇ ಚಪ್ಪಟೆಯಾಗಿರುತ್ತವೆ.

*

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ಹಳೆ ಟೈರ್ ಹೆಚ್ಚು ಬಾಳಿಕೆ ಬರುತ್ತದೆ ಎಂದು ಹೇಳಿ ಒಂದಿಷ್ಟು ದುಡ್ಡು ತೆಗೆದುಕೊಂಡರು. ನಿಜವೇ? (ಆಳಂದ)

ಉತ್ತರ: ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಭಾಗ ನೈಟ್ರೋಜನ್ ಇದೆ. ಉಳಿದದ್ದಕ್ಕಾಗಿ ಕೊಟ್ಟ ದುಡ್ಡಿನಲ್ಲಿ ಒಂದು ಪ್ರೆಷರ್ ಗೇಜ್‌ಗೆ ಅರ್ಧವಾದರೂ ಸೇರುತ್ತಿತ್ತು. ಬಿರುಕು ಬಿಟ್ಟ ಟೈರಿಗೆ ಯಾವ ಗ್ಯಾಸೂ ಔಷಧಿಯಲ್ಲ.

*

ಪ್ರಶ್ನೆ: ನೀವು ಹಿಂದೊಮ್ಮೆ ಬರೆದಂತೆ ದಿನಾಂಕ ಹುಡುಕಿದೆ. ನಾಲ್ಕು ಟೈರ್‌ಗಳಲ್ಲಿ ಎರಡರಲ್ಲಿ ಮಾತ್ರ ಕಾಣಿಸಿತು. ಉಳಿದೆರಡರಲ್ಲಿ ಅಳಿಸಿ ಹಾಕಿದ್ದಾರೆಯೇ? ಅಂಗಡಿಯಲ್ಲಿ ಕೇಳಿದರೆ ‘ಮೇಡಂ, ಅದೆಲ್ಲ ನಿಮಗೇಕೆ’ ಎಂದರು. (ಗೃಹಿಣಿ, ಕಲಬುರಗಿ)

ಉತ್ತರ: ಮೇಡಂಗೆ ಬೇಕು, ದುಡ್ಡು ಕೊಟ್ಟಿದ್ದು ಮೇಡಂ. ಹಾಗೆಂದವರ ಅಂಗಡಿಗೆ ಇನ್ನೊಮ್ಮೆ ಹೋಗಬೇಡಿ.

ಆದರೆ ಅಳಿಸಿರಲಾರರು. ದಿನಾಂಕವಿರುವ ಪೂರ್ತಿ ಸಾಲನ್ನು ಸಾಮಾನ್ಯವಾಗಿ ಟೈರಿನ ಒಂದೇ ಬದಿಗೆ ಅಚ್ಚು ಹಾಕಿರುತ್ತಾರೆ, ಆ ಬದಿ ಕಾರಿನ ಒಳಮಗ್ಗುಲಿಗೆ ತಿರುಗಿದರೆ ಹೊರಗಿನಿಂದ ಕಾಣುವುದಿಲ್ಲ. ಮುಂದಿನ ಟೈರಾದರೆ ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಗಾಡಿ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಮೊಬೈಲ್ ಟಾರ್ಚ್ ಬಿಟ್ಟು ಗಾಲಿಯ ಹಿಂದಿನಿಂದ ನೋಡಿ. ಕೆಸರು ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಿಂದಿನ ಟೈರಿಗೆ ಅಲೈನ್‌ಮೆಂಟ್ ಮಾಡಿಸುವಾಗ ಗಾಡಿ ಮೇಲೆತ್ತಿದಾಗ ನೋಡುವುದೇ ಸುಲಭ. ಮುಂದಿನ ಸಲ ಟೈರನ್ನು ರಿಮ್‌ಗೆ ಕೂರಿಸುವ ಮೊದಲೇ ನಾಲ್ಕೂ ಟೈರಿನ ಅಂಕಿಗಳನ್ನು ಫೋಟೊ ತೆಗೆದುಕೊಳ್ಳಿ. ದಿನಾಂಕ ಹೊರಗಡೆ ಬರುವಂತೆ ಹಾಕಿ ಎಂದು ಹೇಳಿ. ತಿರುಗುವ ದಿಕ್ಕು ಅಥವಾ ಹೊರಬದಿ ಎಂದು ಗುರುತು ಮಾಡಿದ ಟೈರ್ ಅಲ್ಲದಿದ್ದರೆ ಅವರಿಗೇನೂ ಕಷ್ಟವಿಲ್ಲ.

ನಾಲ್ಕರ ಬದಲು ಮೂರೇ ಅಂಕಿ ಕಂಡರೆ ಅದು 2000ನೇ ಇಸವಿಗಿಂತ ಹಿಂದಿನ ಟೈರ್. ಅಂಥದ್ದು ನಿಜವಾಗಿಯೂ ಸಿಕ್ಕರೆ ದಯವಿಟ್ಟು ಓಡಿಸಬೇಡಿ, ನನಗೊಂದು ಫೋಟೊ ಕಳುಹಿಸಿ.